ಬೈಗುಳದ ಕುಲಗೋತ್ರ

ಪೋಲೆಂಡನ್ನು 1333ರಿಂದ 1370ರವರೆಗೆ ಆಳಿ ಮಹಾನ್ ಎಂಬ ಬಿರುದನ್ನು ಪಡೆದ ಕಾಜಿಮ್ಯೆಶ್ ದೊರೆಯು, ಅದುವರೆಗೆ ಹಿರಿಯರ ನೆನಪಿನಲ್ಲಿಯೇ ನಿಂತು ನಡೆದುಬಂದಿದ್ದ ನಾಡಿನ ಕಟ್ಟಳೆಗಳನ್ನು ಲಿಖಿತ ಶಾಸನಗಳ ರೂಪಕ್ಕೆ ತಂದಾಗ, ಕೊಲೆ, ಕಳವು ಮೊದಲಾದ ಗುರುತರ ಅಪರಾಧಗಳ ನಡುವೆ ಬೈಗುಳಕ್ಕೂ ಒಂದು ವಿಧಿಯನ್ನು ಬರೆಯಿಸಿದನು. ಒಬ್ಬ ಕುಲೀನನು ಇನ್ನೊಬ್ಬ ಕುಲೀನನನ್ನು ಸೂಳೆಯ ಮಗನೆಂದು ಕರೆದು, ಆಡಿದ ಮಾತನ್ನು ಅಲ್ಲಿಯೇ ಹಿಂದೆಗೆದುಕೊಳ್ಳದೆ, ಅದು ನಿಜವೆಂದು ಸಾಧಿಸಲೂ ಆರದೆ ಹೋದನಾದರೆ, ಬೈಸಿಕೊಂಡವನನ್ನು ಕೊಂದವನು ಎಷ್ಟು ದಂಡವನ್ನು ತೆರಬೇಕಾಗಿದ್ದಿತೋ ಅಷ್ಟನ್ನೇ ಬೈದವನೂ ತೆರತಕ್ಕದ್ದು. ಹಿಂದೆಗೆದುಕೊಳ್ಳುವುದಾದರೆ, ತಾನು ನಾಯಿಯ ಹಾಗೆ ಸುಳ್ಳಾಡಿದೆನೆಂದು ತನ್ನ ಬಾಯಿಂದಲೇ ಒಪ್ಪಿಕೊಳ್ಳತಕ್ಕದ್ದು. ಮುಂದೆ ಈ ವಿಧಿಯ ಸುತ್ತ ಒಂದು ಆಚಾರವೇ ಬೆಳೆಯಿತು. ಅಪವಾದ ಹೊರಿಸಿದವನು ಸಭೆಯ ಕಣ್ಣೆದುರಿಗೆ ಪೀಠದ ಕೆಳಗೆ ನುಸುಳಿ, ತನ್ನ ಮಾತನ್ನು ಅಲ್ಲಗಳೆದು, ನಾಯಿಯಂತೆ ಬೊಗಳಬೇಕಾಗಿತ್ತು. ಇಂದಿಗೂ ಪೋಲಿಷ್ ಭಾಷೆಯಲ್ಲಿ ಆಡಿದ ಮಾತನ್ನು ಹಿಂದೆಗೆಯುವುದಕ್ಕೆ ‘ಒತ್‌ಶ್ಚೆಕಾಚ್’ ಎನ್ನುತ್ತಾರೆ. ಬೊಗಳಿದ್ದನ್ನು ಮರಳಿ ಬೊಗಳುವುದು ಎಂಬುದೇ ಅದರ ಅಕ್ಷರಾರ್ಥ.

ಒಂದು ಮಾತಿಗೆ ಒಂದು ಪ್ರಾಣದ ಬೆಲೆಯೆ ಎಂದು ಇಂದಿನ ವಾಚಕನು ಬೆರಗಾಗಬಹುದು. ಆದರೆ ಆ ಸಮಾಜದಲ್ಲಿ ಅದು ಕಿವಿಗೆ ಕಠೋರವಾದ ಒಂದು ಶಬ್ದ ಮಾತ್ರವಾಗಿರಲಿಲ್ಲ. ಕುಲೀನನ ಭೂಮಿ, ಸಭೆಯಲ್ಲಿ ಅವನ ಪೀಠ, ಯುದ್ಧದಲ್ಲಿ ಅವನ ಧ್ವಜ, ಇವೆಲ್ಲವೂ ಅವನ ಜನ್ಮಶುದ್ಧಿಯ ಮೇಲೆ ನಿಂತಿದ್ದುವು. ತಾಯಿಯ ಶೀಲವನ್ನು ಶಂಕಿಸಿದವನು ಮಗನ ಸಮಸ್ತ ಅಧಿಕಾರದ ಬುಡಕ್ಕೇ ಕೊಡಲಿಯನ್ನು ಹಾಕಿದಂತಾಗುತ್ತಿತ್ತು. ಪೋಲೆಂಡಿನ ಬೈಗುಳಗಳನ್ನೂ, ಅದರ ದಕ್ಷಿಣದ ಅಂಚಿನಲ್ಲಿರುವ ಸಿಲೇಸಿಯಾದ ಬೈಗುಳಗಳನ್ನೂ ಪರಿಶೀಲಿಸುವಾಗ ನನಗೆ ಮತ್ತೆ ಮತ್ತೆ ಎದುರಾಗುವ ಸಂಗತಿ ಇದೇ. ಶರೀರವನ್ನು ಕುರಿತ ಅಶ್ಲೀಲ ಶಬ್ದಗಳು ಬಳಸಿದಂತೆಲ್ಲ ಸವೆದು ಹಗುರವಾಗುತ್ತವೆ. ಜನ್ಮವನ್ನು ಕುರಿತ ತಿರಸ್ಕಾರದ ಶಬ್ದಗಳು, ನೋಡಲು ಎಷ್ಟೇ ಸಭ್ಯವಾಗಿದ್ದರೂ, ವಿಷವನ್ನು ಬಹುಕಾಲ ಉಳಿಸಿಕೊಂಡಿರುತ್ತವೆ.

ಸವೆದ ಶಬ್ದಗಳಲ್ಲಿ ಅಗ್ರಗಣ್ಯವಾದುದು ‘ಕುರ್ವಾ’. ಸೂಳೆ ಎಂಬ ಅರ್ಥದ ಈ ಶಬ್ದ ಪ್ರಾಚೀನ ಸ್ಲಾವ್ ಮೂಲದ್ದು. 15ನೆಯ ಶತಮಾನದ ನ್ಯಾಯಸ್ಥಾನದ ದಾಖಲೆಗಳಲ್ಲಿ, ಯಾರು ಯಾರನ್ನು ಹೀಗೆ ಬೈದರೆಂಬ ಪ್ರಮಾಣವಾಕ್ಯಗಳ ನಡುವೆ, ಅದು ಕಾಣಿಸಿಕೊಳ್ಳುತ್ತದೆ. ಒಂದು ಕಾಲಕ್ಕೆ ಕತ್ತಿಯನ್ನು ಒರೆಯಿಂದ ಎಳೆಸುತ್ತಿದ್ದ ಆ ಶಬ್ದವನ್ನು ಇಂದು ವಾರ್ಸಾ ನಗರದ ಟ್ರಾಮಿನಲ್ಲಿ ಕುಳಿತ ಇಬ್ಬರು ಹುಡುಗರು ಪರಸ್ಪರ ಯಾವ ದ್ವೇಷವೂ ಇಲ್ಲದೆ ಪ್ರತಿಯೊಂದು ಉಪವಾಕ್ಯದ ಕೊನೆಯಲ್ಲಿಯೂ ಇಟ್ಟು ಮಾತಾಡುತ್ತಾರೆ. ಅದು ಬೈಗುಳವಲ್ಲ, ಅಲ್ಪವಿರಾಮವೆಂದು ಪೋಲಿಷರೇ ಹೇಳುವುದುಂಟು. ನೋವು, ಆನಂದ, ವಿಸ್ಮಯ, ಬೇಸರ, ಬಸ್ಸು ತಪ್ಪಿದ ದುಃಖ, ಗೋಲು ಹೊಡೆದ ಹಿಗ್ಗು, ಎಲ್ಲಕ್ಕೂ ಈ ಒಂದೇ ಶಬ್ದ ಸಾಲುತ್ತದೆ. ಭಾವವು ಇರುವುದು ಶಬ್ದದಲ್ಲಲ್ಲ, ಅದನ್ನು ಎಳೆಯುವ ದನಿಯಲ್ಲಿ. 1992ರಲ್ಲಿ ವ್ವದಿಸ್ವಾಫ್ ಪಸಿಕೊಫ್ಸ್ಕಿಯ ‘ಪ್ಸಿ’ ಎಂಬ ಚಲನಚಿತ್ರ ಬಂದಾಗ, ಕಮ್ಯುನಿಸ್ಟ್ ಯುಗದ ಗುಪ್ತಚರರು ಕೆಲಸ ಕಳೆದುಕೊಂಡ ಕಥೆಗಿಂತ ಹೆಚ್ಚಾಗಿ ಅದರ ಪಾತ್ರಗಳ ಬಾಯಿಯೇ ಚರ್ಚೆಯ ವಸ್ತುವಾಯಿತು. ಮೂರು ವರ್ಷಗಳ ತರುವಾಯ ಭಾಷಾವಿಜ್ಞಾನಿ ಮಾಚೆಯ್ ಗ್ರೊಖೊಫ್ಸ್ಕಿ ಪೋಲಿಷ್ ಶಾಪಶಬ್ದಗಳ ಮತ್ತು ಅಶ್ಲೀಲ ಶಬ್ದಗಳ ಒಂದು ನಿಘಂಟನ್ನು ಪ್ರಕಟಿಸಿ, ಜನ ಒಟ್ಟಾಗಿ ಬೈಗುಳವೆನ್ನುವುದನ್ನು ಬೇರೆ ಬೇರೆಯಾಗಿ ಬಿಡಿಸಿ ತೋರಿಸಿದರು. ಯಾರನ್ನೂ ಉದ್ದೇಶಿಸದೆ ಮನಸ್ಸಿನ ಬಿಸಿಯನ್ನು ಹೊರಚೆಲ್ಲುವ ಉದ್ಗಾರವೊಂದು. ಎದುರಿಗಿರುವವನಿಗೆ ಅಂಟಿಸುವ ಹೆಸರು ಇನ್ನೊಂದು. ಶಿಷ್ಟಾಚಾರದ ದೃಷ್ಟಿಯಿಂದ ನಿಷಿದ್ಧವಾದ ಶಬ್ದ ಮತ್ತೊಂದು. ಕಾಲು ಎಡವಿದಾಗ ಬರುವ ‘ಕುರ್ವಾ’ ಮೊದಲನೆಯ ಬಗೆಗೆ ಸೇರಿದ್ದು; ಅದೇ ಶಬ್ದವನ್ನು ಸಂಬೋಧನ ವಿಭಕ್ತಿಯಲ್ಲಿ ‘ಕುರ್ವೊ’ ಎಂದು ಒಬ್ಬ ಹೆಂಗಸಿನ ಕಡೆಗೆ ತಿರುಗಿಸಿದರೆ ಅದು ಎರಡನೆಯದಾಗುತ್ತದೆ, ಮತ್ತು ಆರು ಶತಮಾನಗಳ ಹಿಂದಿನ ತನ್ನ ಕ್ರೌರ್ಯವನ್ನೆಲ್ಲ ಒಂದೇ ಕ್ಷಣದಲ್ಲಿ ಮರಳಿ ಪಡೆಯುತ್ತದೆ.

ಬಾಯಿಗೆ ಬಂದ ಶಬ್ದವನ್ನು ನಾಲಗೆಯ ತುದಿಯಲ್ಲಿ ತಡೆದು ಬೇರೆಯ ದಾರಿಗೆ ಹೊರಳಿಸುವ ಚಾತುರ್ಯವೂ ಆ ಜನರಲ್ಲಿ ಸಮೃದ್ಧವಾಗಿದೆ. ‘ಕುರ್’ ಎಂದು ಮೊದಲು ಮಾಡಿದ ತಾಯಿ, ಮಗುವಿನ ಮುಖ ಕಂಡೊಡನೆ ‘ಕುರ್ಚೆ’ ಎಂದು ಮುಗಿಸುತ್ತಾಳೆ, ಅದು ಕೋಳಿಮರಿ. ‘ಕುರ್ಕಾ ವೊದ್ನಾ’ ಎಂದರೆ ಒಂದು ನೀರುಕೋಳಿ. ‘ಕುರ್ದೆ’ ಎಂಬುದಕ್ಕೆ ಅರ್ಥವೇ ಇಲ್ಲ. ಆ ಅರ್ಥಶೂನ್ಯತೆಯೇ ಅದರ ಯೋಗ್ಯತೆ. ಕೇಳಿದರೆ ಮನಸ್ಸು ತಿಳಿಯಾಗುವಂಥ ‘ಮೊತಿಲಾ ನೊಗಾ’ ಎಂಬುದೊಂದುಂಟು. ಚಿಟ್ಟೆಯ ಕಾಲು ಎಂದರ್ಥ. ಹಾಗೆಯೇ ಅತ್ಯಂತ ಒರಟಾದ ‘ಪ್ಯೆರ್ದೊಲಿಚ್’ ಎಂಬ ಕ್ರಿಯಾಪದದ ಸ್ಥಾನದಲ್ಲಿ, ಮೊದಲಕ್ಷರದ ಸಾಮ್ಯವನ್ನಷ್ಟೇ ಹಿಡಿದು, ಮೆಣಸು ಹಾಕು ಎಂಬ ಅರ್ಥದ ‘ಪ್ಯೆಪ್ಶಿಚ್’ ಎಂಬುದನ್ನು ತಂದಿಡುತ್ತಾರೆ. 2002ರಲ್ಲಿ ವಾರ್ಸಾದ ಮೇಯರ್ ಪದವಿಗೆ ಸ್ಪರ್ಧಿಸುತ್ತಿದ್ದ, ಮುಂದೆ ರಾಷ್ಟ್ರಾಧ್ಯಕ್ಷರಾದ ಲೆಖ್ ಕಚಿನ್ಸ್ಕಿ, ಬೀದಿಯಲ್ಲಿ ತಮ್ಮನ್ನು ಕೆಣಕಿದ ಒಬ್ಬನಿಗೆ ‘ತೊಲಗು ಮುದುಕ’ ಎಂಬರ್ಥದ ಮಾತನ್ನಾಡಿದರು. ಅಲ್ಲಿ ಅವರು ಬಳಸಿದ್ದು ಈ ಮೆಣಸಿನ ಕ್ರಿಯಾಪದವನ್ನೇ. ಆ ಎರಡು ಶಬ್ದಗಳು ಅವರ ಬಾಳಿನುದ್ದಕ್ಕೂ ಅವರನ್ನು ಹಿಂಬಾಲಿಸಿದುವು.

ಇಲ್ಲಿ ವ್ಯಾಕರಣದ ಒಂದು ಸ್ವಾರಸ್ಯವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಹೃ ಎಂಬ ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂದು ಒಂದಕ್ಕೊಂದು ಸಂಬಂಧವೇ ಇಲ್ಲದ ಅರ್ಥಗಳು ಹುಟ್ಟುವುದನ್ನು ನಮ್ಮಲ್ಲಿ ಸಂಸ್ಕೃತದ ಮೊದಲ ಪಾಠಗಳನ್ನು ಓದಿದವರೆಲ್ಲರೂ ಬಲ್ಲರು. ಪೋಲಿಷ್ ಅಶ್ಲೀಲ ಧಾತುಗಳ ಕಾರ್ಯವಿಧಾನವೂ ಯಥಾವತ್ತಾಗಿ ಇದೇ. ಮೇಲೆ ಹೇಳಿದ ‘ಪ್ಯೆರ್ದೊಲಿಚ್’ ಎಂಬುದಕ್ಕೆ ಒಂದು ಉಪಸರ್ಗ ಸೇರಿದರೆ ಕೆಲಸ ಕೆಡಿಸು ಅಥವಾ ಓಡಿಹೋಗು, ಇನ್ನೊಂದು ಸೇರಿದರೆ ಮೈಮುರಿಯ ದುಡಿ, ಮತ್ತೊಂದು ಸೇರಿದರೆ ಚೆನ್ನಾಗಿ ಬೈದುಬಿಡು, ಬೇರೊಂದು ಸೇರಿದರೆ ಮೆಲ್ಲಗೆ ಕದ್ದುಕೊಂಡುಹೋಗು, ಹಾಗೆಯೇ ಒಡೆದು ನುಚ್ಚುನೂರು ಮಾಡು, ಬಲವಾಗಿ ಗುದ್ದು, ಹೊರಗೆ ದಬ್ಬು ಎಂದು ಅರ್ಥಗಳು ಬೆಳೆಯುತ್ತ ಹೋಗುತ್ತವೆ. ಕಾರಖಾನೆಯ ಒಬ್ಬ ಮೇಸ್ತ್ರಿ ಒಂದೇ ಧಾತುವಿನಿಂದ ದಿನದ ವ್ಯವಹಾರವನ್ನೆಲ್ಲ ಸಾಗಿಸಬಲ್ಲನೆಂದರೆ ಅತಿಶಯೋಕ್ತಿಯಾಗದು. ಸ್ವಾರಸ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಈ ಶಬ್ದವನ್ನು ಅನೇಕ ವಿದ್ವಾಂಸರು ಹೂಸು ಬಿಡು ಎಂಬರ್ಥದ ‘ಪ್ಯೆರ್ಜೆಚ್’ ಎಂಬುದರ ಜೊತೆಗೆ ಇಡುತ್ತಾರೆ. ಅದರ ಸೋದರನಾದ ಪರ್ದ ಧಾತು, ಅದೇ ಅರ್ಥದಲ್ಲಿ, ಸಂಸ್ಕೃತದಲ್ಲಿಯೂ ಉಂಟು. ಪೋಲಿಷಿನ ಇನ್ನೊಂದು ನಿಷಿದ್ಧ ಕ್ರಿಯಾಪದವಾದ ‘ಯೆಬಾಚ್’ ಎಂಬುದು ಪಾಣಿನೀಯ ಧಾತುಪಾಠದಲ್ಲಿ ಮೈಥುನಾರ್ಥದಲ್ಲಿ ಬರುವ ಯಭ ಧಾತುವಿನ ನೇರ ಬಂಧು. ಸಾವಿರಾರು ವರ್ಷಗಳ ಹಿಂದೆ ಅಗಲಿದ ಎರಡು ಭಾಷೆಗಳು ರಾಜನಿಗೂ ದೇವರಿಗೂ ಇಟ್ಟಿದ್ದ ಹೆಸರುಗಳನ್ನು ಬದಲಾಯಿಸಿಕೊಂಡ ಮೇಲೂ ಇಂಥ ಶಬ್ದಗಳನ್ನು ಜತನದಿಂದ ಕಾಯ್ದುಕೊಂಡು ಬಂದಿರುವುದನ್ನು ಕಂಡಾಗ, ಇವನ್ನು ಭಾಷೆಯ ಕೊಳೆಯೆಂದು ಗುಡಿಸಿ ಹಾಕುವುದು ವಿದ್ಯೆಯ ಲಕ್ಷಣವಲ್ಲವೆಂದೇ ನನಗೆ ತೋರುತ್ತದೆ.

ಅಶ್ಲೀಲವಲ್ಲದ, ಆದರೆ ಅಷ್ಟೇ ಬಲವುಳ್ಳ ಉದ್ಗಾರಗಳು ಪೋಲಿಷಿನಲ್ಲಿ ಬೇರೆಯೇ ಇವೆ. ‘ಪ್ಶಾಕ್ರೆಫ್’ ಎಂದರೆ ನಾಯಿಯ ರಕ್ತ. ಹಿಂದಿನ ಕಾಲದ ಸೈನಿಕರೂ ಜಮೀನುದಾರರೂ ಮೀಸೆಯ ಅಡಿಯಿಂದ ಆಡುತ್ತಿದ್ದ ಮಾತು. ‘ಶ್ಲಾಗ್’ ಹೊಡೆಯಲಿ ಎಂಬುದು ಜರ್ಮನ್ ಭಾಷೆಯಿಂದ ಬಂದದ್ದು. ಲಕ್ವ ಬಡಿಯಲಿ ಎಂದು ಭಾವ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ‘ಖೊಲೇರಾ’, ನಾವು ಕಾಲರಾ ಎನ್ನುವ ರೋಗ. 1831ರಲ್ಲಿ, ರಷ್ಯದ ವಿರುದ್ಧ ಪೋಲಿಷರು ಎದ್ದು ಹೋರಾಡುತ್ತಿದ್ದ ಕಾಲದಲ್ಲಿ, ಆ ವ್ಯಾಧಿ ರಷ್ಯದ ಸೈನ್ಯದ ಜೊತೆಯಲ್ಲಿಯೇ ದೇಶವನ್ನು ಹೊಕ್ಕಿತು. ಆ ಸೈನ್ಯದ ದಂಡನಾಯಕನಾದ ಡೀಬಿಚ್ ಅದಕ್ಕೆ ಆಹುತಿಯಾದನು, ಚಕ್ರವರ್ತಿಯ ಅಣ್ಣ ಕಾನ್‌ಸ್ಟಂಟೀನನೂ ಅದೇ ವರ್ಷ ಅದರಿಂದಲೇ ಸತ್ತನು. ಆ ಶತಮಾನದಲ್ಲಿ ಮತ್ತೆ ಮತ್ತೆ ಬಂದು ಊರೂರನ್ನು ಬರಿದುಮಾಡಿದ ರೋಗವು ಇಂದು ಆ ನಾಡಿನಿಂದ ತೊಲಗಿದೆ. ಮೊಳೆಯ ಬದಲು ಬೆರಳಿಗೆ ಸುತ್ತಿಗೆ ಬಿದ್ದಾಗ ಕೂಗುವ ಮಾತಾಗಿ ಮಾತ್ರ ಅದರ ಹೆಸರು ಉಳಿದಿದೆ.

ಸಿಲೇಸಿಯಾದ ಕಡೆಗೆ ತಿರುಗಿದರೆ ಬೈಗುಳದ ಹವೆಯೇ ಬೇರೆಯಾಗುತ್ತದೆ. ಅದೇ ಕಾಜಿಮ್ಯೆಶ್ ದೊರೆಯೇ 1339ರಲ್ಲಿ ಈ ಪ್ರಾಂತದ ಮೇಲೆ ಬೊಹೀಮಿಯಾದ ಅರಸನ ಹಕ್ಕನ್ನು ಒಪ್ಪಿ ಸಹಿಮಾಡಿದ್ದನು. ಅಲ್ಲಿಂದ ಮುಂದೆ ಅದು ಹಾಬ್ಸ್‌ಬುರ್ಗರ ಕೈಸೇರಿ, 1742ರಲ್ಲಿ ಅದರ ಬಹುಭಾಗ ಪ್ರಷ್ಯದ ವಶವಾಗಿ, ಮೂರು ದಂಗೆಗಳೂ ಒಂದು ಜನಮತಗಣನೆಯೂ ಆದ ಮೇಲೆ, 1922ರಲ್ಲಿ ಕಲ್ಲಿದ್ದಲಿನ ಗಣಿಗಳಿಂದ ಕಪ್ಪಾಗಿದ್ದ ಅದರ ಪೂರ್ವಭಾಗ ಮರಳಿ ಪೋಲೆಂಡಿಗೆ ಬಂದಿತು. ಆರು ಶತಮಾನಗಳ ಈ ಅಗಲಿಕೆಯಲ್ಲಿ ಅಲ್ಲಿಯ ಸ್ಲಾವ್ ಭಾಷೆ ಎರಡು ಕೆಲಸಗಳನ್ನು ಮಾಡಿತು: ಪೋಲಿಷರು ಮರೆತುಬಿಟ್ಟ ಹಳೆಯ ಶಬ್ದಗಳನ್ನು ಉಳಿಸಿಕೊಂಡಿತು, ಜರ್ಮನ್ನಿನಿಂದ ಬೇಕಾದುದನ್ನು ಎತ್ತಿಕೊಂಡಿತು. ಪೃಷ್ಠಭಾಗಕ್ಕೆ ಪೋಲಿಷಿನಲ್ಲಿ ಇಂದು ‘ದೂಪಾ’ ಎಂಬುದೇ ರೂಢಿ. ಹಳೆಯ ಪೋಲಿಷಿನಲ್ಲಿ ಎಲ್ಲರ ಬಾಯಲ್ಲಿದ್ದ ‘ಝಿಚ್’ ಎಂಬ ಶಬ್ದವನ್ನು ಕೇಳಬೇಕಾದರೆ ಕತೊವಿತ್ಸೆ ನಗರದ ಸುತ್ತಣ ಗಣಿಗಾರರ ಕೇರಿಗಳಿಗೇ ಹೋಗಬೇಕು. ಜರ್ಮನ್ನರ ‘ಶೈಸೆ’ ಅಲ್ಲಿ ‘ಶಾಯ್ಸ್’ ಆಯಿತು, ಮಾಟಗಾತಿಯ ಹೆಸರು ‘ಹೆಕ್ಸಾ’ ಆಯಿತು, ಶಿಲುಬೆಯ ಮೇಲಣ ಪ್ರತಿಮೆಯ ಹೆಸರು ‘ಕ್ರುತ್ಸಾಫುಕ್ಸ್’ ಎಂಬ ಉದ್ಗಾರವಾಯಿತು. ಕಿಡಿಗೇಡಿಗೆ ‘ಗಿಜ್ದ್’, ಪೋಕರಿಗೆ ‘ಖಾಖಾರ್’, ಪೆದ್ದನಿಗೆ ‘ಗುಪ್ಯೆಲೊಕ್’ ಎಂದು ಮನೆಮನೆಯಲ್ಲಿಯೂ ಹೇಳುತ್ತಾರೆ. ಪುರುಷಾಂಗವಾಚಿಯಾದ ‘ಚ್ಯೂಲ್’ ಎಂಬುದು ಪೋಲಿಷಿನ ತನ್ನ ಸಮಾನಾರ್ಥಕದಷ್ಟು ಕಿವಿಯನ್ನು ಕೊರೆಯುವುದಿಲ್ಲ.

ಆದರೆ ಸಿಲೇಸಿಯಾದ ಹೃದಯಕ್ಕೆ ಹತ್ತಿರವಾದ ಬೈಗುಳ ಶರೀರಕ್ಕೆ ಸಂಬಂಧಿಸಿದ್ದಲ್ಲ, ಅದು ಆಕಾಶದ್ದು. ‘ಪ್ಯೆರೊನ್’ ಎಂದರೆ ಸಿಡಿಲು. ಕ್ರೈಸ್ತಮತ ಬರುವುದಕ್ಕೆ ಮುಂಚೆ ಸ್ಲಾವ್ ಜನರು ಪೂಜಿಸುತ್ತಿದ್ದ ಪೆರುನ್ ಎಂಬ ಸಿಡಿಲಿನ ದೇವತೆಯ ಹೆಸರೂ ಈ ಶಬ್ದವೂ ಒಂದೇ ಬೇರಿನವು. ನಮ್ಮ ವೇದಗಳ ಪರ್ಜನ್ಯನೊಡನೆ ಆ ದೇವತೆಯನ್ನು ಹೋಲಿಸಿ ನೋಡಿದ ವಿದ್ವಾಂಸರೂ ಉಂಟು. ಅಜ್ಜ ಕಿತಾಪತಿಯ ಮೊಮ್ಮಗನನ್ನು ‘ಎಲೊ ಪ್ಯೆರೊನೆ’ ಎಂದು ಗದರಿಸುತ್ತಾನೆ. ಹತ್ತು ವರ್ಷಗಳ ಮೇಲೆ ಕಂಡ ಗೆಳೆಯನನ್ನು ಅದೇ ಮಾತಿನಿಂದ ಅಪ್ಪಿಕೊಳ್ಳುತ್ತಾನೆ. ಸೂಪು ರುಚಿಯಾಗಿದ್ದರೆ ಅದು ‘ಪ್ಯೆರೊನ್ಸ್ಕೊ’ ರುಚಿ, ಎಂದರೆ ಸಿಡಿಲಿನಂಥ ರುಚಿ. ಆ ಭಾಗದ ಜರ್ಮನ್ನರೂ ಇದನ್ನು ಕಲಿತು, ಕೊನೆಗೆ ಮೇಲಣ ಸಿಲೇಸಿಯಾದವರನ್ನೆಲ್ಲ ಆ ಹೆಸರಿನಿಂದಲೇ ಕರೆಯುವಂತಾಯಿತು.

ಇಷ್ಟು ಧಾರಾಳವಾಗಿ ಬೈಯುವ ಗಣಿಗಾರನಿಗೆ ನೆಲದ ಒಳಗೆ ಬಾಯಿ ಬಿಗಿಹಿಡಿಯಬೇಕೆಂಬ ನಂಬಿಕೆಯೂ ಇದ್ದಿತೆಂಬುದನ್ನು ನೆನೆದಾಗ ಆ ಜನರ ಮೇಲೆ ಗೌರವ ಹುಟ್ಟುತ್ತದೆ. ಗಣಿಯಲ್ಲಿ ‘ಸ್ಕಾರ್ಬ್ನಿಕ್’ ಎಂಬ ಒಂದು ಭೂಗತಶಕ್ತಿ ಸಂಚರಿಸುತ್ತದೆ. ಅದು ಹಳೆಯ ಗಣಿಗಾರನ ರೂಪದಲ್ಲಿ, ಕೈಯಲ್ಲಿ ದೀಪ ಹಿಡಿದು ಬರುತ್ತದೆ. ಪ್ರಾಮಾಣಿಕನಿಗೆ ದಾರಿ ತೋರಿಸುತ್ತದೆ, ಕಲ್ಲು ಕುಸಿಯುವ ಮುನ್ನ ಎಚ್ಚರಿಸುತ್ತದೆ. ಆದರೆ ಸಿಳ್ಳು ಹಾಕುವವನನ್ನೂ ಶಪಿಸುವವನನ್ನೂ ಅದು ಸಹಿಸುವುದಿಲ್ಲ. ಕೆಳಗೆ ಒಬ್ಬರನ್ನೊಬ್ಬರು ಕಂಡಾಗ ಆಡುವ ಮಾತು ‘ಶ್ಚೆಂಶ್ಚ್ ಬೊಝೆ’, ದೇವರು ಒಳ್ಳೆಯದು ಮಾಡಲಿ ಎಂಬುದು. ತಡೆದಿಟ್ಟ ಮಾತಿಗೆಲ್ಲ ಬಿಡುಗಡೆ ದೊರೆಯುವುದು ಗಣಿಗಾರರ ರಕ್ಷಕಿಯಾದ ಸಂತ ಬಾರ್ಬರಾಳ ಹಬ್ಬವಿರುವ ಡಿಸೆಂಬರ್ ತಿಂಗಳಲ್ಲಿ. ಬಿಯರ್ ಕೂಟವೆಂದು ಕರೆಯುವ ಸಭೆಯಲ್ಲಿ ಗಣಿಗಾರರು ಎರಡು ಪಂಕ್ತಿಗಳಾಗಿ ಎದುರುಬದುರು ಕುಳಿತು, ಹಾಡಿನಿಂದಲೂ ಚೇಷ್ಟೆಯ ಮಾತಿನಿಂದಲೂ ಒಂದು ಪಂಕ್ತಿ ಇನ್ನೊಂದನ್ನು ಸೋಲಿಸಲು ಹೆಣಗುತ್ತದೆ.

ಇದುವರೆಗಿನ ಬೈಗುಳಗಳನ್ನು ನಾನು ಪ್ರೀತಿಯಿಂದಲೇ ವರ್ಣಿಸಿದ್ದೇನೆ. ಇನ್ನು ಹೇಳಬೇಕಾದ ಶಬ್ದಗಳ ವಿಷಯದಲ್ಲಿ ಆ ಪ್ರೀತಿ ನನಗಿಲ್ಲ. ಕತೊವಿತ್ಸೆಗೂ ಅದರ ನೆರೆಯ ಸೊಸ್ನೊವ್ಯೆತ್ಸ್ ಪಟ್ಟಣಕ್ಕೂ ನಡುವೆ ಬ್ರಿನಿತ್ಸಾ ಎಂಬ ಒಂದು ಸಣ್ಣ ಹೊಳೆ ಹರಿಯುತ್ತದೆ. ಮೊದಲನೆಯ ಮಹಾಯುದ್ಧದವರೆಗೆ ಈ ದಡ ಜರ್ಮನ್ ಚಕ್ರವರ್ತಿಯದು, ಆ ದಡ ರಷ್ಯದ ಚಕ್ರವರ್ತಿಯದು. ತುಸು ದಕ್ಷಿಣಕ್ಕೆ, ಮಿಸ್ಲೊವಿತ್ಸೆಯ ಬಳಿ, ಆಸ್ಟ್ರಿಯವೂ ಸೇರಿ ಮೂರು ಸಾಮ್ರಾಜ್ಯಗಳು ಸಂಧಿಸುತ್ತಿದ್ದುವು. ಚಕ್ರವರ್ತಿಗಳು ಹೋಗಿ ನೂರು ವರ್ಷಗಳು ಕಳೆದರೂ ಆ ಗಡಿ ಬೈಗುಳದಲ್ಲಿ ಉಳಿದುಕೊಂಡಿದೆ. ಸಿಲೇಸಿಯನ್ನನಿಗೆ ಆಚೆಯವನು ‘ಗೊರೊಲ್’. ಮೂಲದಲ್ಲಿ ಬೆಟ್ಟದವನೆಂದರ್ಥವಾದರೂ, ಬೆಟ್ಟವನ್ನೇ ಕಾಣದವನಿಗೂ ಅದು ಅಂಟುತ್ತದೆ. ಆಚೆಯವರಿಗೆ ಸಿಲೇಸಿಯನ್ನನು ‘ಹಾನಿಸ್’. ಯೊಹಾನೆಸ್ ಎಂಬ ಹೆಸರಿನ ಸ್ಥಳೀಯ ರೂಪವಾದ ಇದು ನೀನು ಜರ್ಮನ್ನನೇ ಎಂದು ಮೂದಲಿಸುತ್ತದೆ. ಗಣಿಗಳ ದುಡಿಮೆಗಾಗಿ ದೂರದ ಪ್ರಾಂತಗಳಿಂದ ಕರೆತಂದವರಿಗೆ ‘ವೆರ್ಬುಸ್’ ಎಂದೂ ‘ಪ್ತೊಕ್’ ಎಂದೂ ಹೆಸರಾಯಿತು. ಎರಡನೆಯದು ಹಾರಿಬಂದ ಹಕ್ಕಿ. ಸಿಲೇಸಿಯನ್ನರಿಗೂ ಹೊರಗಿನವರಿಗೂ ನಡೆದ ಮದುವೆಯಲ್ಲಿ ಹುಟ್ಟಿದ ಮಗುವಿಗೂ ಒಂದು ಶಬ್ದವುಂಟು, ‘ಕ್ರೊಯ್ತ್ಸೊಕ್’, ಬೆರಕೆ. ಇವುಗಳಲ್ಲಿ ಒಂದಾದರೂ ಅಶ್ಲೀಲವಲ್ಲ. ಆದರೆ ಶಾಲೆಯ ಅಂಗಳದಲ್ಲಿ ಇವುಗಳಲ್ಲೊಂದನ್ನು ಕೇಳಿಸಿಕೊಂಡ ಮಗುವಿನ ಮನಸ್ಸಿನಲ್ಲಿ ಆದ ಗಾಯ, ಎಷ್ಟು ಸಲ ‘ಚ್ಯೂಲ್’ ಎಂದು ಕರೆದರೂ ಆಗುವಂಥದಲ್ಲ. ‘ಹಾನಿಸ್’ ಎಂಬುದನ್ನು ಸಿಲೇಸಿಯನ್ನರು ಈಗ ತಾವಾಗಿಯೇ ಎದೆಯ ಮೇಲೆ ಧರಿಸಿಕೊಂಡಿದ್ದಾರೆಂಬುದು ಸಮಾಧಾನದ ಸಂಗತಿ. ಆದರೂ ಅವರ ನುಡಿ ಜರ್ಮನ್ ಸೇರಿ ಕೆಟ್ಟ ಪೋಲಿಷ್ ಎಂಬ ಹಳೆಯ ಮೂದಲಿಕೆ ಮುಗಿದಿಲ್ಲ. 2011ರ ಜನಗಣತಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಮನೆಯಲ್ಲಿ ಸಿಲೇಸಿಯನ್ ಆಡುವೆವೆಂದು ಬರೆಯಿಸಿದರು. 2024ರ ಏಪ್ರಿಲಿನಲ್ಲಿ ಪಾರ್ಲಿಮೆಂಟಿನ ಕೆಳಮನೆ ಅದನ್ನು ಪ್ರಾದೇಶಿಕ ಭಾಷೆಯೆಂದು ಅಂಗೀಕರಿಸುವ ಮಸೂದೆಗೆ ಒಪ್ಪಿಗೆಯಿತ್ತಿತು. ಮುಂದಿನ ತಿಂಗಳೇ ಅಧ್ಯಕ್ಷ ಆಂದ್ಝೆಯ್ ದೂದಾ ಅದನ್ನು ತಡೆದರು.

ಇಂದಿನ ಕಾನೂನು ಯಾವ ಶಬ್ದವನ್ನು ಶಿಕ್ಷಿಸುತ್ತದೆಂಬುದನ್ನೂ ನೋಡತಕ್ಕದ್ದು. 1971ರ ಕಿರು ಅಪರಾಧಗಳ ಸಂಹಿತೆಯ 141ನೆಯ ವಿಧಿಯಂತೆ, ಸಾರ್ವಜನಿಕ ಸ್ಥಳದಲ್ಲಿ ಅಸಭ್ಯ ಶಬ್ದಗಳನ್ನು ಆಡಿದವನಿಗೆ 1500 ಜ್ಲೊತಿಯವರೆಗೆ ದಂಡ ಹಾಕಬಹುದು. 2020ರ ಅಕ್ಟೋಬರ್ 22ರಂದು ರಾಜ್ಯಾಂಗ ನ್ಯಾಯಮಂಡಲಿ ಗರ್ಭಪಾತದ ಹಕ್ಕನ್ನು ಬಹುಮಟ್ಟಿಗೆ ಕಿತ್ತುಕೊಂಡಾಗ, ಎಲ್ಲ ವಯಸ್ಸಿನ ಸ್ತ್ರೀಯರು ಬೀದಿಗಿಳಿದು, ಮೇಲೆ ಹೇಳಿದ ‘ಹೊರಗೆ ದಬ್ಬು’ ಎಂಬರ್ಥದ ಉಪಸರ್ಗವನ್ನು ಧಾತುವಿಗೆ ಸೇರಿಸಿ, ತೊಲಗಿರೆಂಬ ಒಂದೇ ಶಬ್ದವನ್ನು ಸಹಸ್ರಕಂಠದಿಂದ ಕೂಗಿದರು. ಯಭ ಧಾತುವಿನ ಆ ಪೋಲಿಷ್ ಬಂಧುವನ್ನು ಆಳುವ ಪಕ್ಷದ ಹೆಸರಿನೊಡನೆ ಸೇರಿಸಿ, ಅಕ್ಷರಕ್ಕೊಂದು ನಕ್ಷತ್ರಚಿಹ್ನೆಯಂತೆ ಎಂಟು ನಕ್ಷತ್ರಗಳನ್ನು ಗೋಡೆಗೋಡೆಯ ಮೇಲೂ ಬರೆದರು. ಇದು ಸಂಸ್ಕೃತಿಯ ಪತನವೆಂದು ಅನೇಕರು ಮರುಗಿದರು. ನಾನು ಹಾಗೆ ಎಣಿಸಲಾರೆ. ನಯವಾದ ಮಾತಿಗೆ ಕಿವಿಗೊಡದವರ ಮುಂದೆ ಅವರು ತಮ್ಮ ಭಾಷೆಯಲ್ಲಿದ್ದ ಅತ್ಯಂತ ಗಟ್ಟಿಯಾದ ಶಬ್ದವನ್ನು ಎತ್ತಿಕೊಂಡರು. ಅದೇ ವರ್ಷ ಯಾಕುಬ್ ಝುಲ್ಚಿಕ್ ಎಂಬ ಕಾದಂಬರಿಕಾರರು ಅಧ್ಯಕ್ಷರನ್ನು ಮಂದಮತಿ ಎಂದು ಕರೆದರು; ಅದಕ್ಕಾಗಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದ್ದ ಆ ಮೊಕದ್ದಮೆಯನ್ನು 2022ರ ಜನವರಿಯಲ್ಲಿ ನ್ಯಾಯಾಲಯ ಕೈಬಿಟ್ಟಿತು.

ಹೀನ ಶಬ್ದವೊಂದು ಏರಿ ಮಾನ್ಯವಾದ ದೃಷ್ಟಾಂತವೂ ಪೋಲಿಷಿನಲ್ಲುಂಟು. ಇಂದು ಸ್ತ್ರೀ ಎಂಬರ್ಥದಲ್ಲಿ ಎಲ್ಲರೂ ಬಳಸುವ ‘ಕೊಬ್ಯೆತಾ’ 16ನೆಯ ಶತಮಾನದಲ್ಲಿ ಬೈಗುಳವಾಗಿತ್ತು. ಗಂಡಸರು ತಮ್ಮನ್ನು ಹಾಗೆ ಕರೆಯುವರೆಂದು ಸ್ತ್ರೀಯರು ದೂರುವ ಪ್ರಸಂಗ ಮಾರ್ಚಿನ್ ಬ್ಯೆಲ್ಸ್ಕಿಯು ಬರೆದ ‘ಸ್ತ್ರೀಯರ ಸಂಸತ್ತು’ ಎಂಬ ಕೃತಿಯಲ್ಲಿದೆ. ಆ ಶಬ್ದ ಹಂದಿಯ ಗೂಡಿಗೆ ಸಂಬಂಧಿಸಿದ್ದೆಂದು ಊಹಿಸಿದ ಪಂಡಿತರೂ ಉಂಟು. ಎರಡು ಶತಮಾನಗಳಲ್ಲಿ ಅದರ ಕಲಂಕ ತೊಳೆದುಹೋಯಿತು.

‘ಖಾಮ್’ ಎಂಬ ಶಬ್ದಕ್ಕೆ ಆ ಭಾಗ್ಯ ಒದಗಲಿಲ್ಲ. ಬೈಬಲಿನ ನೋಹನ ಮಗನಾದ ಹಾಮನ ಹೆಸರಿನ ಪೋಲಿಷ್ ರೂಪವಿದು. ಕುಡಿದು ಬೆತ್ತಲೆ ಮಲಗಿದ್ದ ತಂದೆಯನ್ನು ಹಾಮನು ನೋಡಿದನೆಂದು ಆತನ ಸಂತತಿಗೆ ದಾಸ್ಯದ ಶಾಪ ತಗುಲಿತಲ್ಲವೆ? ಪೋಲೆಂಡಿನ ಕುಲೀನರು ತಾವು ಯೆಫೆತನ ವಂಶದವರೆಂದೂ, ತಮ್ಮ ಹೊಲಗಳಲ್ಲಿ ಬಿಟ್ಟಿದುಡಿಯುವ ರೈತರು ಹಾಮನ ವಂಶದವರೆಂದೂ ಹೇಳಿಕೊಂಡರು. 17ನೆಯ ಶತಮಾನದಲ್ಲಿ ವಲೆರ್ಯಾನ್ ನೆಕಾಂದಾ ತ್ರೆಪ್ಕಾ ಎಂಬ ಒಬ್ಬ ಕುಲೀನನು, ರೈತರಾಗಿ ಅಥವಾ ಪಟ್ಟಣಿಗರಾಗಿ ಹುಟ್ಟಿ ಕುಲೀನರೆಂದು ನಟಿಸುತ್ತಿರುವರೆಂದು ತಾನು ಶಂಕಿಸಿದವರ ಹೆಸರುಗಳನ್ನು ವರ್ಷಗಟ್ಟಲೆ ಸಂತೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಕೇಳಿ ಕಲೆಹಾಕಿ, ಸುಮಾರು 2500 ಹೆಸರುಗಳ ಒಂದು ಗ್ರಂಥವನ್ನೇ ಬರೆದನು. ಲ್ಯಾಟಿನ್ನಿನಲ್ಲಿ ಅದು ‘ಲಿಬೆರ್ ಖಾಮೋರುಮ್’, ಹಾಮರ ಪುಸ್ತಕ, ಎಂದು ಪ್ರಸಿದ್ಧವಾಗಿ, ಹಸ್ತಪ್ರತಿಯಾಗಿಯೇ ಉಳಿದು 1963ರಲ್ಲಿ ಅಚ್ಚಾಯಿತು. ರೈತರ ದಾಸ್ಯ ಪ್ರಷ್ಯದ ಪಾಲಿಗೆ ಬಂದಿದ್ದ ಭಾಗದಲ್ಲಿ 1807ರಿಂದಲೂ, ಆಸ್ಟ್ರಿಯದ ಭಾಗದಲ್ಲಿ 1848ರಲ್ಲಿಯೂ, ರಷ್ಯದ ಭಾಗದಲ್ಲಿ 1864ರಲ್ಲಿಯೂ ಕಳಚಿತು. ಶಬ್ದ ಮಾತ್ರ ಕಳಚಲಿಲ್ಲ. 1888ರಲ್ಲಿ ಎಲಿಜಾ ಒಝೆಶ್ಕೊವಾ ‘ಖಾಮ್’ ಎಂಬ ಹೆಸರಿನಲ್ಲಿಯೇ ಒಂದು ಕಾದಂಬರಿಯನ್ನು ಬರೆದು, ನ್ಯೆಮೆನ್ ನದಿಯ ದಡದ ಒಬ್ಬ ಬಡ ಬೆಸ್ತನಲ್ಲಿ ಎಲ್ಲ ಕುಲೀನತೆಯನ್ನೂ ಇರಿಸಿದರು. ಅಷ್ಟಾದರೂ ಇಂದಿಗೂ ಪೋಲಿಷಿನಲ್ಲಿ ನಡತೆಗೆಟ್ಟವನೆಂದರೆ ‘ಖಾಮ್’, ನಡತೆಗೆಟ್ಟತನವೆಂದರೆ ‘ಖಾಮ್‌ಸ್ತ್ವೊ’. ಅದನ್ನು ಪತ್ರಿಕೆಗಳು ಚುಕ್ಕಿಯಿಲ್ಲದೆ ಅಚ್ಚುಮಾಡುತ್ತವೆ, ಸದಸ್ಯರು ಸಂಸತ್ತಿನಲ್ಲಿ ನುಡಿಯುತ್ತಾರೆ, ಗುರುಗಳು ಮಕ್ಕಳಿಗೆ ಹೇಳುತ್ತಾರೆ. ಅದಕ್ಕಾಗಿ ಯಾವ ಪೋಲೀಸನೂ ರಸೀತಿ ಹರಿಯುವುದಿಲ್ಲ.

ಈಚೆಗೆ ಪೋಲೆಂಡಿನ ಇತಿಹಾಸಕಾರರು ಈ ಕಡೆಗೆ ಕಣ್ಣು ಹಾಯಿಸಿದ್ದಾರೆ. 2020ರಲ್ಲಿ ಆದಾಮ್ ಲೆಶ್ಚಿನ್ಸ್ಕಿ ಅರಸರನ್ನೂ ಯುದ್ಧಗಳನ್ನೂ ಬದಿಗಿಟ್ಟು ದುಡಿಯುವವರ ದೃಷ್ಟಿಯಿಂದ ಪೋಲೆಂಡಿನ ಇತಿಹಾಸವನ್ನು ಬರೆದರು. ಮರುವರ್ಷ ಕಾತ್ಸ್ಪೆರ್ ಪೊಬ್ವೊತ್ಸ್ಕಿ, ಛಡಿಯೇಟಿನ ಮೇಲೂ ಬಿಟ್ಟಿದುಡಿಮೆಯ ಮೇಲೂ ನಿಂತಿದ್ದ ರೈತದಾಸ್ಯದ ದಿನನಿತ್ಯದ ಕಥೆಯನ್ನು ಹೇಳುವ ಗ್ರಂಥಕ್ಕೆ ‘ಖಾಮ್‌ಸ್ತ್ವೊ’ ಎಂಬ ಹೆಸರನ್ನೇ ಇಟ್ಟರು. ಇಂದಿನ ಪೋಲಿಷರಲ್ಲಿ ಬಹುಸಂಖ್ಯಾತರು ಆ ರೈತರ ಸಂತತಿಯವರೇ. ಸಿಟ್ಟು ಬಂದಾಗ ತಾವು ಪಕ್ಕದವನ ಮೇಲೆ ಎಸೆಯುವ ಆ ಶಬ್ದ ಒಂದು ಕಾಲದಲ್ಲಿ ತಮ್ಮ ಮುತ್ತಜ್ಜನ ಮುತ್ತಜ್ಜನ ಹೆಸರಾಗಿತ್ತೆಂಬುದನ್ನು ಅವರು ಈಗ ಪುಸ್ತಕದ ಮೂಲಕ ತಿಳಿಯುತ್ತಿದ್ದಾರೆ.